ಹೊಟ್ಟೆಯ ಮೇಲಿನ ಮೂರು ಬರೆ

ರಾಮನಗರ
12 ಜೂನ್ 2008

ಇಸ್ಮತ್,

ಕಾಗದದ ಮೊದಲ ಸಾಲಿನಲ್ಲೇ ನಾವೆಲ್ಲ ಕ್ಷೇಮ ಎಂದು ಬರೆಯಬೇಕೆಂದು ನಮಗೆ ಆರನೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಒಂದೇ ಬೆಂಚಿನಲ್ಲಿ ಕೂತು ಕಲಿತವರು ನೀನೂ ನಾನೂ. ಆದರೆ ಕ್ಷೇಮವಾಗಿದ್ದಿದ್ದರೆ ಫೋನ್ ಮಾಡಿ ಹರಟೆ ಹೊಡೆಯುತ್ತಿದ್ದೆ, ಕಾಗದ ಯಾಕೆ ಬರೆಯುತ್ತಿದ್ದೆ ಹೇಳು. ಇದು ಫೋನಿನಲ್ಲಿ ಹೇಳುವ ವಿಷಯ ಅಲ್ಲ. ಶೆಡ್ಡಿನಲ್ಲಿ ಮೊಬೈಲನ್ನು ಕಿವಿಗಿಟ್ಟರೆ ರೇಷ್ಮೆ ಬಿಚ್ಚುವ ಹೆಣ್ಣಾಳುಗಳೆಲ್ಲ ಎಳೆ ಬಿಟ್ಟು ನನ್ನ ಕಡೆಗೆ ಕಿವಿ ತಿರುಗಿಸುತ್ತಾರೆ. ಮನೆಯಲ್ಲಾದರೆ ನಮ್ಮತ್ತೆ ಒಬ್ಬರೇ ಸಾಕು.

ವಿಷಯ ಇಷ್ಟು. ಎರಡು ವರ್ಷದಿಂದ ತಿಂಗಳ ಮುಟ್ಟು ಬಂದರೆ ನಿಲ್ಲುವುದೇ ಇಲ್ಲ. ಮೊನ್ನೆ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಾ ಇದ್ದವಳು ಕಣ್ಣು ಕತ್ತಲೆ ಬಂದು ಯಾರದೋ ಗೂಡಿನ ರಾಶಿಯ ಮೇಲೆ ಕೂತುಬಿಟ್ಟೆ. ಆ ಲಾಟು ಬೇರೆಯವರ ಪಾಲಾಯಿತು. ಹೊಟ್ಟೆ ನೋಡಿದರೆ ಮೂರು ನಾಲ್ಕು ತಿಂಗಳ ಬಸುರಿ ಅನ್ನಬೇಕು, ಹಾಗಿದೆ. ಇಲ್ಲಿಯ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಮಾಡಿದರು. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆಯಂತೆ, ದೊಡ್ಡ ಮೂಸಂಬಿಯಷ್ಟು. ಕ್ಯಾನ್ಸರ್ ಅಲ್ಲ, ಹೆದರಬೇಡಿ ಅಂದರು. ಅದರ ಬೆನ್ನಿಗೇ, ವಯಸ್ಸು ನಲವತ್ತೊಂದಾಯಿತಲ್ಲಮ್ಮ, ಗರ್ಭಕೋಶವನ್ನೇ ತೆಗೆದುಬಿಟ್ಟರೆ ತಲೆನೋವೇ ಇರುವುದಿಲ್ಲ ಅಂದರು. ಆಮೇಲೆ ಮೂರು ತಿಂಗಳು ಭಾರ ಎತ್ತಬಾರದು, ಓಡಾಡಬಾರದು.

ಮನೆಯಲ್ಲಿ ಈ ಮಾತು ಹೇಳಿದ್ದೇ ತಡ. ನಮ್ಮತ್ತೆ, "ಒಂದ್ ಗಂಡ್ಮಗ ಬೆಳೀನಿಲ್ಲ ಆ ಹೊಟ್ಟೇಲಿ, ಗಡ್ಡೆ ಬೆಳೀತು ನೋಡು. ಕಿತ್ತಾಕ್ಸು ಅತ್ಲಾಗಿ" ಅಂದರು. ನಮ್ಮ ಭಾವ ಬೋರಲಿಂಗಯ್ಯ, ಹದಿನೆಂಟು ವರ್ಷದಲ್ಲಿ ನನ್ನನ್ನು ಒಂದು ದಿನವೂ ಊಟ ಆಯ್ತಾ ಅಂತ ಕೇಳದವರು, "ಮೂರ್ ತಿಂಗ್ಳು ನೀನು ಮಲ್ಕೊ ತಾಯಿ. ಶೆಡ್ಡು ನಾನ್ ನೋಡ್ಕತೀನಿ" ಅಂದರು. ತಾಯಿ ಅಂದರು ಕಣೇ! ಅಲ್ಲಿಗೆ ನನಗೆ ಲೆಕ್ಕ ಹತ್ತಿತು. ಶೆಡ್ಡು ಮೈಸೂರು ರೋಡಿನ ಮಗ್ಗುಲಲ್ಲೇ ಇದೆ. ರೋಡು ಅಗಲ ಆದಾಗಿನಿಂದ ಬಿಡದಿ ಕಡೆಯ ಕಂಪನಿಯವರೊಬ್ಬರು ಗೋಡೌನಿಗೆ ಜಾಗ ಕೇಳುತ್ತಾ ಓಡಾಡುತ್ತಿದ್ದಾರೆ. ಮೂರು ತಿಂಗಳು ಒಲೆ ಆರಿದರೆ ನನ್ನ ಹೆಣ್ಣಾಳುಗಳು ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾರೆ. ಆಮೇಲೆ ಶೆಡ್ಡು ಖಾಲಿ ಇದೆ ಅನ್ನಲು ಭಾವನಿಗೆ ಕಷ್ಟವೇನು?

ನಮ್ಮವರು ನಟರಾಜು ಎರಡು ಕಡೆಗೂ "ಹೂಂ" ಅಂದು ಡೇರಿಗೆ ಹಾಲು ಹಾಕಲು ಹೋದರು.

ನೀನು ದೊಡ್ಡ ಆಸ್ಪತ್ರೆಯಲ್ಲಿ ಕೂತಿದ್ದೀಯ. ಕೊಯ್ಯದೆ ಏನಾದರೂ ದಾರಿ ಇದೆಯಾ, ವಿಚಾರಿಸಿ ಬರೆ. ಇಲ್ಲ ಅಂದರೆ ಇಲ್ಲ ಅಂತಲೇ ಬರೆ. ಸಮಾಧಾನ ಹೇಳಬೇಡ, ಅದು ಇಲ್ಲಿ ಬೇಕಾದಷ್ಟಿದೆ.

ಚಿಕ್ಕಿ


ಮುಂಬೈ
30 ಜೂನ್ 2008

ಚಿಕ್ಕಿ,

ನಿನ್ನ ಕಾಗದವನ್ನು ರೈಲಿನಲ್ಲಿ ನಿಂತೇ ಓದಿದೆ. ಪಕ್ಕದವಳು ಇದು ಯಾವ ಲಿಪಿ ಅಂತ ಕೇಳಿದಳು. ಈ ಊರಿನಲ್ಲಿ ನಾನು ಕನ್ನಡ ಓದುವುದು ನೀನು ಬರೆದಾಗ ಮಾತ್ರ.

ದಾರಿ ಇದೆ. ನಾನು ಕೂರುವುದು ಸ್ಕ್ಯಾನಿಂಗ್ ವಿಭಾಗದ ಬಾಗಿಲಲ್ಲಿ, ಬಂದವರ ಹೆಸರು ಬರೆದುಕೊಂಡು ಸಮಯ ಕೊಡುವ ಕೆಲಸ. ಹೋದ ವರ್ಷ ನಮ್ಮಲ್ಲಿ ಒಂದು ಹೊಸ ಯಂತ್ರ ಬಂದಿದೆ. ಬಸುರಿಯರಿಗೆ ಸ್ಕ್ಯಾನ್ ಮಾಡುತ್ತಾರಲ್ಲ, ಅದೇ ಅಲ್ಟ್ರಾಸೌಂಡ್, ಕಿವಿಗೆ ಕೇಳದ ಶಬ್ದ. ಅದನ್ನೇ ನೂರಾರು ಕಡೆಯಿಂದ ತಂದು ಒಂದೇ ಬಿಂದುವಿನಲ್ಲಿ ಕೂಡಿಸುತ್ತಾರೆ. ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಡುತ್ತಿದ್ದೆವಲ್ಲ, ಹಾಗೆ. ಶಬ್ದ ಕೂಡುವ ಜಾಗದಲ್ಲಿ ಮಾತ್ರ ಬಿಸಿ. ಗಡ್ಡೆಯೊಳಗೆ ಒಂದೊಂದೇ ಚುಕ್ಕೆ ಬೇಯಿಸುತ್ತಾ ಹೋಗುತ್ತಾರೆ. ಎಂಆರ್‌ಐ ಯಂತ್ರದೊಳಗೇ ಮಲಗಿಸಿರುತ್ತಾರೆ, ಬಿಸಿ ಎಲ್ಲಿಗೆ ಮುಟ್ಟಿತು ಎಂದು ಡಾಕ್ಟರು ಪರದೆಯಲ್ಲಿ ನೋಡುತ್ತಿರುತ್ತಾರೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಮಾರನೆಯ ದಿನ ಮನೆಗೆ ಹೋಗುತ್ತಾರೆ.

ಎಲ್ಲರಿಗೂ ಆಗುವುದಿಲ್ಲ. ಗಡ್ಡೆ ಎಲ್ಲಿದೆ, ಎಂಥದು ಎಂದು ನೋಡಿಯೇ ಹೇಳುತ್ತಾರೆ. ಗಡ್ಡೆ ತಕ್ಷಣ ಮಾಯವಾಗುವುದೂ ಇಲ್ಲ.

ಒಂದು ಮಾತು. ಅಲ್ಲಿ <u>ಯಾವ ಕಾಗದಕ್ಕೂ ಯಾರಿಗೂ ಸಹಿ ಹಾಕಲು ಬಿಡಬೇಡ</u>. ಬೇಗ ಬಾ. ತಡ ಮಾಡಬೇಡ.

ಇಸ್ಮತ್


ರಾಮನಗರ
14 ಜುಲೈ 2008

ಇಸ್ಮತ್,

ನಿನ್ನ ಭೂತಗನ್ನಡಿ ಮಾತು ನನಗೆ ಬೇಕಾಗಲಿಲ್ಲ ಕಣೇ. ನಾನು ದಿನಾ ಮಾಡುವ ಕೆಲಸವೇ ಅದು. ಗೂಡು ತಂದ ಮೇಲೆ ಹಬೆಯಲ್ಲಿಟ್ಟು ಒಳಗಿನ ಹುಳು ಸಾಯಿಸುತ್ತೇವೆ, ಇಲ್ಲದಿದ್ದರೆ ಅದು ಚಿಟ್ಟೆಯಾಗಿ ಗೂಡು ಕೊರೆದು ಎಳೆ ಹಾಳು ಮಾಡುತ್ತದೆ. ಬಿಸಿ ಹೆಚ್ಚಾದರೆ ರೇಷ್ಮೆ ಕೆಡುತ್ತದೆ, ಕಡಿಮೆಯಾದರೆ ಹುಳು ಬದುಕುತ್ತದೆ. ಗೂಡನ್ನು ಕೊಯ್ಯದೆ ಒಳಗಿನದನ್ನು ಕೊಲ್ಲಬಹುದು ಅಂತ ನಿಮ್ಮ ಡಾಕ್ಟರಿಗೆ ಈಗ ಗೊತ್ತಾಯಿತಾ? ತಮಾಷೆಗೆ ಅಂದೆ. ನಂಬಿಕೆ ಬಂತು ಅಂತ ಅರ್ಥ.

ಆದರೆ ಇನ್ನೊಂದು ಮಾತು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬೇಗ ಬಾ, ತಡ ಮಾಡಬೇಡ, ಅಡಿಗೆರೆ ಬೇರೆ. ಮಾರ್ಕೆಟ್ಟಿನಲ್ಲಿ ಹೀಗೆ ಅವಸರ ಮಾಡುವವರು ದಲ್ಲಾಳಿಗಳು. ಒಬ್ಬಳನ್ನು ಕರೆದುಕೊಂಡು ಬಂದರೆ ಆ ಯಂತ್ರದವರು ನಿನಗೆಷ್ಟು ಕಮಿಷನ್ ಕೊಡುತ್ತಾರೆ? ಕೊಟ್ಟರೆ ತಗೋ, ಬೇಜಾರಿಲ್ಲ. ನನಗೆ ಹೇಳಿ ತಗೋ, ಅಷ್ಟೆ.

ಬರುತ್ತೇನೆ. ಏನೇನು ತಯಾರಿ ಬೇಕು ಬರೆ. ಅತ್ತೆಗೆ ವಿಷಯ ಹೇಳಿದೆ. "ಸ್ಕ್ಯಾನಿಂಗ್ ಮಿಸನ್‌ನಲ್ಲಿ ಗಡ್ಡೆ ಕರಗ್ತದಾ? ಟಾರ್ಚ್ ಬುಟ್ರೆ ಹೊಟ್ಟೆ ತುಂಬ್ತದಾ?" ಅಂದರು. ಮಾತಿನಲ್ಲಿ ನನ್ನ ಅತ್ತೆಯನ್ನು ಮೀರಿಸುವವರು ಕೈಲಾಂಚ ಹೋಬಳಿಯಲ್ಲೇ ಇಲ್ಲ. ಪರವಾಗಿಲ್ಲ, ಎರಡನೆಯವಳು ನಾನಿದ್ದೇನೆ.

ಚಿಕ್ಕಿ


ಮುಂಬೈ
20 ಆಗಸ್ಟ್ 2008

ಶ್ರೀಮತಿ ಚಿಕ್ಕಲಕ್ಷ್ಮಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಸೆಪ್ಟೆಂಬರ್ ಮೂರನೆಯ ವಾರ ಡಾಕ್ಟರು ನಿಮ್ಮನ್ನು ನೋಡುತ್ತಾರೆ. ಹಳೆಯ ಸ್ಕ್ಯಾನ್ ರಿಪೋರ್ಟುಗಳನ್ನು ತನ್ನಿ. ಮೈಮೇಲೆ ಲೋಹದ ವಸ್ತು ಇರುವಂತಿಲ್ಲ, ತಾಳಿ, ಕಾಲುಂಗುರ ಸೇರಿ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಹೊಟ್ಟೆಯ ಮೇಲೆ ಆಪರೇಶನ್ ಹೊಲಿಗೆಯಾಗಲಿ, ಹಳೆಯ ಗಾಯದ ಕಲೆಯಾಗಲಿ ಇದ್ದರೆ ಮೊದಲೇ ತಿಳಿಸಿ, ಅಂಥ ಚರ್ಮ ಬಿಸಿ ಹಿಡಿದು ಸುಡುತ್ತದೆ.

ನಮ್ಮ ಮನೆಯಲ್ಲಿ ಉಳಿಯಬಹುದು. ನಾನು ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಇಸ್ಮತ್


ರಾಮನಗರ
30 ಆಗಸ್ಟ್ 2008

ಇಸ್ಮತ್,

ಶ್ರೀಮತಿಯಂತೆ, ನೀವಂತೆ! ಮುಂಬೈ ನೀರು ಚೆನ್ನಾಗಿಯೇ ಹಿಡಿದಿದೆ ನಿನಗೆ. ನನ್ನ ಜೇಬಿನಿಂದ ಹುಣಸೆಹಣ್ಣು ಕದ್ದು ತಿಂದವಳು ನನಗೆ ಬಹುವಚನ ಕೊಡುವ ಹಾಗಾಯಿತಾ. ಆಗಲಿ. ದೊಡ್ಡ ಆಸ್ಪತ್ರೆಯವರು, ದೊಡ್ಡದಾಗಿಯೇ ಬರೆಯಿರಿ.

ನಿಮ್ಮ ಪ್ರಶ್ನೆಗಳಿಗೆ ಉತ್ತರ. ಹೊಟ್ಟೆಯ ಮೇಲೆ ಏನೂ ಇಲ್ಲ. ಮಗಳು ಧನುಶ್ರೀ ಹುಟ್ಟಿದ್ದು ಮನೆಯಲ್ಲೇ, ಸುಸೂತ್ರವಾಗಿ. ಮಕ್ಕಳಾಗದ ಹಾಗೆ ಆಪರೇಶನ್ನೂ ಮಾಡಿಸಿಲ್ಲ, ಗಂಡುಮಗ ಬರಲಿ ಅಂತ ಕಾದರಲ್ಲ ಇವರೆಲ್ಲ. ಚಾಕು ಮುಟ್ಟಿಲ್ಲ, ಸೂಜಿ ಮುಟ್ಟಿಲ್ಲ. ತಾಳಿ ವಿಷಯ ಅತ್ತೆಗೆ ಹೇಳಿಲ್ಲ, ಹೇಳುವುದೂ ಇಲ್ಲ.

ನಟರಾಜು ಜೊತೆಗೆ ಬರುತ್ತಾರೆ. ಹದಿನೆಂಟಕ್ಕೆ ಅಲ್ಲಿರುತ್ತೇವೆ.

ಚಿಕ್ಕಲಕ್ಷ್ಮಮ್ಮ (ಶ್ರೀಮತಿ)


ರಾಮನಗರ
26 ಸೆಪ್ಟೆಂಬರ್ 2008

ಇಸ್ಮತ್,

ನಿನ್ನೆ ಬಂದು ಸೇರಿದೆವು. ಸ್ಟೇಷನ್ನಿನಲ್ಲಿ ನೀನು ಮುಖ ತಿರುಗಿಸಿಕೊಂಡು ನಿಂತೆ, ನಾನೂ ಮಾತಾಡಲಿಲ್ಲ. ಈಗ ಬರೆಯುತ್ತೇನೆ, ಕಾಗದ ಮುಖ ತಿರುಗಿಸುವುದಿಲ್ಲವಲ್ಲ.

ಎಂಆರ್‌ಐ ಚೆನ್ನಾಗಿ ಬಂತು, ಗಡ್ಡೆ ಸರಿಯಾದ ಜಾಗದಲ್ಲೇ ಇದೆ ಎಂದು ಹೇಳಿದವರೇ ಆ ಡಾಕ್ಟರು. ಆಮೇಲೆ ಹೊಟ್ಟೆ ನೋಡಲು ಸೆರಗು ಸರಿಸಿದರು, ನೋಡಿದರು. "ಯೆ ಕ್ಯಾ ಹೈ?" ಅಂದರು. ಏನು ಅಂತ ನಾನೂ ಬಗ್ಗಿ ನೋಡಿದೆ. ಬರೆ! ಹೊಕ್ಕುಳ ಕೆಳಗೆ ಮೂರು ಬರೆ. ಇಷ್ಟೇನಾ ಅಂದುಕೊಂಡೆ. ನಾನು ನಾಲ್ಕು ವರ್ಷದವಳಾಗಿದ್ದಾಗ ಹೊಟ್ಟೆ ಉಬ್ಬರ ಅಂತ ನಮ್ಮವ್ವ ಕರೆಸಿ, ನಮ್ಮೂರಿನ ನಾಟಿವೈದ್ಯ ಮುನಿಶಾಮಯ್ಯ ಬಳೆಚೂರು ಕಾಯಿಸಿ ಎಳೆದದ್ದು. ನಾಲ್ಕು ಜನ ಕೈಕಾಲು ಹಿಡಿದಿದ್ದರು. ನಮ್ಮ ಕಡೆ ಯಾರ ಹೊಟ್ಟೆಯ ಮೇಲಿಲ್ಲ ಹೇಳು? ಹಣೆಯಲ್ಲಿ ಕುಂಕುಮ ಇದ್ದ ಹಾಗೆ ಅದು, ಇದೆ ಅಂತ ಯಾರು ನೆನಪಿಟ್ಟುಕೊಳ್ಳುತ್ತಾರೆ? ನೀನು ಕಲೆ ಇದೆಯಾ ಅಂತ ಕೇಳಿದಾಗ ನನ್ನ ತಲೆಗೇ ಬರಲಿಲ್ಲ.

ಆ ಬರೆಗಳು ಸರಿಯಾಗಿ ಶಬ್ದ ಹೋಗುವ ದಾರಿಯಲ್ಲೇ ಇವೆಯಂತೆ. ಅಲ್ಲಿ ಚರ್ಮ ಸುಟ್ಟುಹೋಗುತ್ತದೆ, ಮಾಡಲಾರೆ ಅಂದರು. ಸಾವಿರ ಕಿಲೋಮೀಟರ್ ಹೋಗಿ, ಸತ್ತುಹೋದ ನಮ್ಮವ್ವನ ಪ್ರೀತಿಯ ದೆಸೆಯಿಂದ ವಾಪಸ್ ಬಂದೆ.

ಮನೆ ಮುಂದೆ ಬೋರಲಿಂಗಯ್ಯನವರು ಕಾದು ಕೂತಿದ್ದರು. "ಏನ್ಲಾ ನಟರಾಜು, ಬಾಂಬೆ ನೋಡ್ಕಂಡ್ ಬಂದ್ಬುಟ್ರಾ? ಸಮುದ್ರ ಚೆಂದಾಗೈತಾ?" ನಟರಾಜು, "ಐತೆ" ಅಂದರು. ಅವರ ಜೀವನದಲ್ಲೇ ಅದು ಅವರು ಕೊಟ್ಟ ಅತಿ ಉದ್ದದ ಉತ್ತರ ಇರಬೇಕು. ಅತ್ತೆ ದಿನ ನೋಡಿಸಿಯೇಬಿಟ್ಟಿದ್ದಾರೆ. ನವೆಂಬರ್ ಏಳು, ಶುಕ್ರವಾರ, ನರ್ಸಿಂಗ್ ಹೋಮು. ಹೂವು ಹಣ್ಣು ಕಟ್ಟುವುದೊಂದು ಬಾಕಿ.

ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದೆ. ನಿನ್ನ ಮನೆಯಲ್ಲಿ ಆರು ದಿನ ಇದ್ದೆ, ನೀನು ಅನ್ನ ಬಡಿಸಿದೆ, ಹಾಸಿಗೆ ಹಾಸಿದೆ, ಒಂದು ಸಲವೂ ನನ್ನ ಪಕ್ಕ ಕೂರಲಿಲ್ಲ. ಅಷ್ಟು ದೊಡ್ಡ ತಪ್ಪು ಮಾಡಿದೆನಾ ನಾನು?

ಚಿಕ್ಕಿ


ಮುಂಬೈ
20 ಅಕ್ಟೋಬರ್ 2008

ಚಿಕ್ಕಿ,

ಈ ಕಾಗದವನ್ನು ನಾಲ್ಕು ಸಲ ಹರಿದೆ.

ಮೊದಲು ಕೆಲಸದ ಮಾತು. ನೀನು ಹೋದ ಮೇಲೆ ನಾನು ಡಾಕ್ಟರ ಬಾಗಿಲಲ್ಲಿ ನಿಂತೆ. ದಿನಾ ನಿಂತೆ. ಒಂದು ದಿನ ಅವರು ನಿನ್ನ ಚಿತ್ರಗಳನ್ನು ಮತ್ತೆ ತೆರೆದರು. ನೀನು ಮಲಗುವ ಕೋನ ಬದಲಾಯಿಸಿ, ಶಬ್ದವನ್ನು ಓರೆಯಾಗಿ ಕಳಿಸಿದರೆ ಬರೆಗಳನ್ನು ತಪ್ಪಿಸಬಹುದೇನೋ ಅಂದರು. ಗಡ್ಡೆಯ ಒಂದು ಅಂಚು ಉಳಿಯುತ್ತದಂತೆ. ಖಂಡಿತ ಅಂತ ಹೇಳಲಾರೆ, ಟೇಬಲ್ಲಿನ ಮೇಲೆ ನೋಡಿಯೇ ಹೇಳುತ್ತೇನೆ, ಎರಡನೇ ಸಲವೂ ವಾಪಸ್ ಕಳಿಸಬೇಕಾಗಬಹುದು ಅಂದರು. ಇರುವುದು ಇಷ್ಟು. ಜನವರಿಯಲ್ಲಿ ಆಗುತ್ತದೆ.

ಈಗ ಇನ್ನೊಂದು ಮಾತು. ನೀನು ದಲ್ಲಾಳಿ ಅಂದೆ. ನಾನು ನಿನಗೆ ಹೇಳದೆ ಇದ್ದದ್ದರಿಂದ ನೀನು ಹಾಗೆ ಅಂದುಕೊಂಡೆ, ಅದು ಈಗ ನನಗೆ ಅರ್ಥವಾಗುತ್ತದೆ. 2006ರಲ್ಲಿ ನನಗೂ ಗಡ್ಡೆ ಇತ್ತು, ನಿನ್ನದಕ್ಕಿಂತ ಚಿಕ್ಕದು. ನಮ್ಮ ಆಸ್ಪತ್ರೆಯಲ್ಲಲ್ಲ, ಮನೆ ಹತ್ತಿರ ಒಂದು ಕಡೆ ಸೇರಿಸಿದರು. ಗಡ್ಡೆ ಮಾತ್ರ ತೆಗೆಯುತ್ತೇವೆ ಅಂದಿದ್ದರು. ನನಗೆ ಪ್ರಜ್ಞೆ ತಪ್ಪಿಸಿದ ಮೇಲೆ ಹೊರಗೆ ಬಂದು, ಗಂಡ ಎಂದು ತನ್ವೀರ್‌ನನ್ನು ಕೇಳಿದರಂತೆ, ಗರ್ಭಕೋಶವನ್ನೂ ತೆಗೆದುಬಿಡೋಣವಾ ಅಂತ. ತನ್ವೀರ್ ಕೆಟ್ಟವನಲ್ಲ ಚಿಕ್ಕಿ. ರಕ್ತ ಅಂದರೆ ಹೆದರುತ್ತಾನೆ. ಸಹಿ ಹಾಕಿದ. ನಾನು ಎದ್ದಾಗ ಎಲ್ಲ ಮುಗಿದಿತ್ತು.

ಮರುವರ್ಷ ಈ ಯಂತ್ರ ಬಂತು. ಅದರ ಬಾಗಿಲಲ್ಲೇ ನನ್ನ ಕುರ್ಚಿ. ದಿನಾ ಬೇರೆಯವರ ಹೆಸರು ಬರೆದುಕೊಳ್ಳುತ್ತೇನೆ.

ನಿನ್ನ ಪಕ್ಕ ಕೂರಲಿಲ್ಲ ಅಂದೆ. ಕೂತಿದ್ದರೆ ಇದೆಲ್ಲ ಬಾಯಿಗೆ ಬರುತ್ತಿತ್ತು. ನೀನು ಮರುದಿನ ಆ ಯಂತ್ರದಲ್ಲಿ ಮಲಗುವವಳು, ನಿನಗೆ ಯಾಕೆ ಈ ಭಾರ ಅಂತ ಸುಮ್ಮನಿದ್ದೆ.

ಬರುವುದು ಬಿಡುವುದು ನಿನ್ನ ಇಷ್ಟ. ಈ ಸಲ ಅಡಿಗೆರೆ ಹಾಕುವುದಿಲ್ಲ.

ಇಸ್ಮತ್


ರಾಮನಗರ
7 ನವೆಂಬರ್ 2008, ಶುಕ್ರವಾರ

ಇಸ್ಮತ್,

ಕಮಿಷನ್ ಮಾತು ವಾಪಸ್ ತಗೊಂಡೆ. ಹರಾಜಿನಲ್ಲಿ ಒಮ್ಮೆ ಕೂಗಿದ್ದನ್ನು ವಾಪಸ್ ತಗೊಳ್ಳುವ ಹಾಗಿಲ್ಲ, ನಾನು ಇವತ್ತಿನವರೆಗೆ ತಗೊಂಡೂ ಇಲ್ಲ. ಇದೊಂದನ್ನು ತಗೊಂಡೆ. ಇದಕ್ಕಿಂತ ಹೆಚ್ಚು ಬರೆದರೆ ಅಕ್ಷರ ನೆನೆಯುತ್ತದೆ, ಅಂಚೆಯವನು ಓದಲಾರ.

ಇವತ್ತಿನ ದಿನಾಂಕ ನೋಡಿದೆಯಲ್ಲ. ನರ್ಸಿಂಗ್ ಹೋಮಿನಲ್ಲಿ ಮಲಗಿರಬೇಕಾದವಳು ಗೂಡಿನ ಮಾರ್ಕೆಟ್ಟಿನ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಬೋರಲಿಂಗಯ್ಯನವರು ಕಾರು ಮಾಡಿಕೊಂಡು ಬಂದರು, ಬಾಡಿಗೆ ಕಾರು, ಅವರ ಖರ್ಚಿನಲ್ಲಿ. ಅತ್ತೆ ಬುತ್ತಿ ಕಟ್ಟಿದ್ದರು. ನಾನು ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಕಾರು ಹತ್ತಿದೆ. ಎಲ್ಲರಿಗೂ ಸಂತೋಷ. ಮಾರ್ಕೆಟ್ಟಿನ ಗೇಟು ಬಂತು. "ಒಸಿ ನಿಲ್ಸಪ್ಪ" ಅಂದೆ. ಡ್ರೈವರ್ ನಿಲ್ಲಿಸಿದ. ಇಳಿದೆ.

"ಎಲ್ಲಿಗಮ್ಮ?" ಅಂದರು ಭಾವ.

"ಹರಾಜು ಶುರುವಾಯ್ತು, ಗೂಡು ತಗೋಬೇಕು."

"ಇವತ್ತು ಆಪ್ರೇಸನ್ನು!"

"ನಾನ್ ಯಾವಾಗ ಒಪ್ಕಂಡೆ? ನೀವು ದಿನ ನೋಡ್ಸಿದ್ರಿ, ಕಾರ್ ತಂದ್ರಿ, ಬುತ್ತಿ ಕಟ್ಟುದ್ರಿ. ಒಬ್ರಾದ್ರೂ ನನ್ ಕೇಳುದ್ರಾ? ಅಷ್ಟೊಂದ್ ಆಸೆ ಇದ್ರೆ ನೀವೇ ಹೋಗ್ ಮಲ್ಕಳಿ ಭಾವ, ಬೆಡ್ಡು ಖಾಲಿ ಐತೆ."

ಗೇಟಿನ ಹತ್ತಿರ ಇದ್ದ, ಗೂಡು ಕೊಳ್ಳುವ ರೀಲರುಗಳು, ಹಮಾಲಿಗಳು ಎಲ್ಲ ನಿಂತುಬಿಟ್ಟರು. ನಿಮ್ಮ ಮಾವನ ಮಗ ಇದ್ರೀಸ್ ಇದ್ದ, ನಗು ತಡೆಯಲಾಗದೆ ಗೂಡಿನ ಬುಟ್ಟಿಯೊಳಗೆ ಮುಖ ಇಟ್ಟುಕೊಂಡ. ಭಾವ ನಟರಾಜು ಕಡೆ ತಿರುಗಿ, "ಏಯ್, ನಿನ್ ಹೆಂಡ್ತಿಗೆ ಹೇಳ್ಲಾ! ಸಹಿ ಹಾಕೋನು ನೀನು ಕಣ್ಲಾ!" ಅಂದರು.

ನಮ್ಮವರು ಕಾರಿನಿಂದ ಇಳಿದರು. ನಾನು ಸರಿ, ಹೂಂ ಅನ್ನುತ್ತಾರೆ ಅಂದುಕೊಂಡೆ. "ಹೊಟ್ಟೆ ಅವಳ್ದು ಅಣ್ಣ" ಅಂದರು. ಅಷ್ಟೇ. ಆಮೇಲೆ ಬುತ್ತಿಯನ್ನೂ ಇಳಿಸಿಕೊಂಡರು.

ಇವತ್ತು ಒಳ್ಳೆಯ ಲಾಟು ಸಿಕ್ಕಿತು. ಕಣ್ಣು ಎರಡು ಸಲ ಕತ್ತಲೆ ಬಂತು, ನಟರಾಜು ಬೆನ್ನ ಹಿಂದೆ ನಿಂತಿದ್ದರು. ಕಬ್ಬಿಣದ ಮಾತ್ರೆ ನುಂಗಿಕೊಂಡು ಜನವರಿಯವರೆಗೆ ತಳ್ಳುತ್ತೇನೆ. ಖಂಡಿತ ಇಲ್ಲ ಅಂದರಲ್ಲ ನಿಮ್ಮ ಡಾಕ್ಟರು, ಅದೇ ನನಗೆ ಹಿಡಿಸಿತು. ಖಂಡಿತ ಅನ್ನುವ ವ್ಯಾಪಾರಿಯ ಹತ್ತಿರ ನಾನು ಗೂಡು ಕೊಳ್ಳುವುದಿಲ್ಲ.

ಭಯ ಇದೆ ಇಸ್ಮತ್. ಇದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಚಿಕ್ಕಿ


ರಾಮನಗರ
27 ಜನವರಿ 2009

ಇಸ್ಮತ್,

ನೀನು ಬಾಗಿಲ ಹೊರಗೆ ನನ್ನ ತಾಳಿ, ಕಾಲುಂಗುರ, ಓಲೆ ಎಲ್ಲವನ್ನೂ ಕರ್ಚೀಫಿನಲ್ಲಿ ಕಟ್ಟಿ ಬುರ್ಖಾದೊಳಗೆ ಇಟ್ಟುಕೊಂಡು ಕೂತಿದ್ದೆ. ಒಳಗೆ ಏನಾಯಿತು ಅಂತ ಟ್ಯಾಕ್ಸಿಯಲ್ಲಿ ಕೇಳಿದೆ. ಮುಂದಿನ ಸೀಟಿನಲ್ಲಿ ತನ್ವೀರ್ ಭಾಯಿ ಇದ್ದರು, ಅವರಿಗೆ ರಕ್ತದ ಮಾತೂ ಆಗುವುದಿಲ್ಲ ಅಂತ ಗೊತ್ತಿತ್ತಲ್ಲ, ಸುಮ್ಮನಾದೆ. ಈಗ ಕೇಳು.

ಮೊದಲು ಒಬ್ಬ ನರ್ಸ್ ಹುಡುಗಿ ಒಪ್ಪಿಗೆಯ ಕಾಗದ ತಂದಳು. ನಟರಾಜು ಕೈ ಚಾಚಿದರು, ಪಾಪ, ರೂಢಿ. ಆ ಹುಡುಗಿ ಕಾಗದವನ್ನು ಅವರ ಕೈ ದಾಟಿಸಿ ನನ್ನ ಮುಂದಿಟ್ಟಳು. ನಾನು ಸಹಿ ಹಾಕಿದೆ, ಪೂರ್ತಿ ಹೆಸರು, ನಿಧಾನವಾಗಿ.

ಆಮೇಲೆ ಬೋರಲು ಮಲಗಿಸಿದರು. ಹೊಟ್ಟೆಯ ಕೆಳಗೆ ತಣ್ಣಗಿನ ಮೆತ್ತೆ, ಅದರ ಕೆಳಗೆ ಶಬ್ದ ಬರುವ ಜಾಗ. ಸೊಂಟವನ್ನು ಒಂದು ಕಡೆಗೆ ಎತ್ತಿ, ದಿಂಬು ತುರುಕಿ, ಹಿಂದಕ್ಕೆ ಮುಂದಕ್ಕೆ ಸರಿಸಿ, ಅರ್ಧ ಬೆಳಗು ನನ್ನನ್ನು ಹೊಂದಿಸುವುದರಲ್ಲೇ ಹೋಯಿತು. ಎಲ್ಲ ಆ ಮೂರು ಬರೆಗಳನ್ನು ತಪ್ಪಿಸಲು. ವಾಪಸ್ ಕಳಿಸುತ್ತಾರೆ ಅಂತಲೇ ನಾನು ಹಲ್ಲು ಕಚ್ಚಿಕೊಂಡಿದ್ದೆ. ಕೊನೆಗೆ ಡಾಕ್ಟರು "ಚಲೋ" ಅಂದರು.

ಅಷ್ಟರಲ್ಲಿ ಆ ಹುಡುಗಿ ನನ್ನ ಬಲಗೈಗೆ ಒಂದು ಬಟನ್ ಕೊಟ್ಟಳು. ವೈರಿನ ತುದಿಯಲ್ಲಿ, ಮಕ್ಕಳ ಆಟದ ಸಾಮಾನಿನ ಹಾಗೆ. ನೋವಾದರೆ, ಭಯವಾದರೆ, ಸಾಕು ಅನ್ನಿಸಿದರೆ ಇದನ್ನು ಒತ್ತಿ, ಎಲ್ಲ ನಿಂತುಹೋಗುತ್ತದೆ ಅಂದಳು. ಯಾರಿಗೂ ಹೇಳಬೇಕಾಗಿಲ್ಲವಾ ಅಂದೆ. ಬೇಡ, ಒತ್ತಿದರೆ ಸಾಕು. ಡಾಕ್ಟರು ಬೇಡ ಅಂದರೆ? ಡಾಕ್ಟರು ಏನೂ ಮಾಡುವ ಹಾಗಿಲ್ಲ, ನಿಲ್ಲುತ್ತದೆ ಅಂದಳು.

ಬಾಗಿಲು ಹಾಕಿದರು. ಗಡಗಡ ಸದ್ದು, ನಮ್ಮ ಶೆಡ್ಡಿನ ಸದ್ದಿಗೇನೂ ಸಮ ಇಲ್ಲ. ಆಮೇಲೆ ಹೊಟ್ಟೆಯ ಒಳಗೆ ಬಿಸಿ. ಕುದಿಯುವ ನೀರಿನಲ್ಲಿ ಕೈ ಅದ್ದಿ ಎಳೆ ಹುಡುಕಿದವಳು ನಾನು, ಬಿಸಿ ನನಗೆ ಹೊಸದಲ್ಲ. ಆದರೆ ಇದು ಒಳಗಿನಿಂದ. ಒಂದು ಚುಕ್ಕೆ, ಆರಲು ಬಿಡುವುದು, ಇನ್ನೊಂದು ಚುಕ್ಕೆ. ಐದಾರು ಚುಕ್ಕೆ ಆದ ಮೇಲೆ ನಾನು ಬಟನ್ ಒತ್ತಿಬಿಟ್ಟೆ.

ಎಲ್ಲ ನಿಂತಿತು. ಒಂದು ಕ್ಷಣ ಪೂರ್ತಿ ನಿಶ್ಶಬ್ದ. ನೋವಾಗುತ್ತಿದೆಯಾ ಅಂತ ಆ ಹುಡುಗಿ ಓಡಿ ಬಂದಳು, "ದರ್ದ್ ಹೈ ಕ್ಯಾ?"

"ನಹೀ," ಅಂದೆ. "ಕೆಲಸ ಮಾಡ್ತದಾ ಅಂತ ನೋಡ್ದೆ."

ಅವಳಿಗೆ ಅರ್ಥವಾಗಲಿಲ್ಲ, ನನ್ನ ಹಿಂದಿ ನಿನಗೆ ಗೊತ್ತಲ್ಲ. ಡಾಕ್ಟರು ಬಂದು ಬೈದರೋ ನಕ್ಕರೋ, ಬೋರಲು ಮಲಗಿದವಳಿಗೆ ಕಾಣಲಿಲ್ಲ. ಮತ್ತೆ ಶುರು ಮಾಡಿದರು. ಆಮೇಲೆ ನಾನು ಒತ್ತಲಿಲ್ಲ. ಕಾಲಿನ ನರ ಜುಮ್ಮೆಂದರೂ ಒತ್ತಲಿಲ್ಲ, ಸೊಂಟ ಬಿದ್ದುಹೋದರೂ ಒತ್ತಲಿಲ್ಲ. ಒತ್ತಿದರೆ ನಿಲ್ಲುತ್ತದೆ ಅಂತ ಗೊತ್ತಾದ ಮೇಲೆ ತಡೆದುಕೊಳ್ಳುವುದು ಏನು ಮಹಾ.

ಮುನಿಶಾಮಯ್ಯ ಬರೆ ಎಳೆದಾಗ ನಾಲ್ಕು ಜನ ಹಿಡಿದಿದ್ದರು ಅಂತ ಬರೆದಿದ್ದೆನಲ್ಲ. ಆವತ್ತು ನಾನು ಬೇಡ ಬೇಡ ಅಂದದ್ದು ನನಗೆ ನೆನಪಿರಲಿಲ್ಲ. ಆ ಮೆಷಿನ್ನಿನೊಳಗೆ ನೆನಪಾಯಿತು. ನಿನಗೂ ಯಾರೂ ಒಂದು ಬಟನ್ ಕೊಟ್ಟಿರಲಿಲ್ಲ.

ನಾಲ್ಕನೆಯ ದಿನಕ್ಕೆ ಶೆಡ್ಡಿನಲ್ಲಿ ಕೂತಿದ್ದೆ. ಬೋರಲಿಂಗಯ್ಯನವರು ಬಂದು ಒಲೆ ಉರಿಯುತ್ತಿದೆಯಾ ಅಂತ ನೋಡಿದರು. ಉರಿಯುತ್ತಿತ್ತು.

ಚಿಕ್ಕಿ


ಮುಂಬೈ
15 ಫೆಬ್ರವರಿ 2009

ಚಿಕ್ಕಿ,

ನಿನ್ನ ಕಾಗದವನ್ನು ತನ್ವೀರ್‌ಗೆ ಓದಿ ಹೇಳಿದೆ, ಹಿಂದಿಯಲ್ಲಿ, ಒಂದೊಂದೇ ಸಾಲು. ಬಟನ್‌ನ ಭಾಗ ಬಂದಾಗ ಸಾಕು ಅಂದ. ನಾನು ನಿಲ್ಲಿಸಲಿಲ್ಲ, ಕೊನೆಯವರೆಗೂ ಓದಿದೆ. ಅವನು ಎದ್ದು ಹೋಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಆ ದಿನದ ಬಗ್ಗೆ ನಾವು ಮಾತಾಡಿದೆವು.

ಆರು ತಿಂಗಳಿಗೆ ಸ್ಕ್ಯಾನ್ ಮಾಡಿಸಿ ಕಳಿಸು. ಗಡ್ಡೆ ಇನ್ನೂ ಇದೆ ಅಂತ ಯಾರಾದರೂ ಆಡಿಕೊಂಡರೆ ಹೆದರಬೇಡ. ಸತ್ತದ್ದು ಕರಗಲು ಸಮಯ ಬೇಕು.

ನಿನ್ನ ಇಸ್ಮತ್


ರಾಮನಗರ
2 ಆಗಸ್ಟ್ 2009

ಇಸ್ಮತ್,

ಸ್ಕ್ಯಾನ್ ಫೋಟೋ ಇದರ ಜೊತೆಗಿದೆ, ಡಾಕ್ಟರಿಗೆ ತೋರಿಸು. ಇಲ್ಲಿಯವರು ಹೇಳುವ ಪ್ರಕಾರ ಮೂಸಂಬಿ ನಿಂಬೆಹಣ್ಣಿನ ಕಡೆಗೆ ನಡೆಯುತ್ತಿದೆ, ಇನ್ನೂ ತಲುಪಿಲ್ಲ. ಬರೆಗಳ ಪಕ್ಕದ ಅಂಚು ಹಾಗೇ ಇದೆ, ಮುಂದೆ ಅದು ಬೆಳೆದರೂ ಬೆಳೆಯಬಹುದಂತೆ. ಬೆಳೆಯಲಿ, ನೋಡಿಕೊಳ್ಳೋಣ. ಮುಟ್ಟು ಬಂದದ್ದು ನಾಲ್ಕೈದು ದಿನಕ್ಕೆ ನಿಲ್ಲುತ್ತದೆ. ಹರಾಜಿನಲ್ಲಿ ನನ್ನ ದನಿ ಮತ್ತೆ ಹಿಂದಿನ ಸಾಲಿನವರಿಗೂ ಕೇಳುತ್ತದೆ. ಬೆಲೆ ಏರಿಸುತ್ತೀಯ ಅಂತ ಇದ್ರೀಸ್ ಬೈಯುತ್ತಾನೆ.

ಅತ್ತೆ, "ಹೊಟ್ಟೇಲಿ ಸತ್ತಿರೋ ಗಡ್ಡೆ ಇಟ್ಕಂಡ್ ತಿರುಗ್ತಳೆ" ಅಂತ ಬೀದಿಗೆಲ್ಲ ಹೇಳಿದರು. ನಾನು ಒಂದು ಗೂಡು ತಂದು ಅವರ ಕಿವಿಯ ಹತ್ತಿರ ಅಲ್ಲಾಡಿಸಿದೆ, ಒಳಗೆ ಸತ್ತ ಹುಳು ಟಕ್ ಟಕ್ ಅಂದಿತು. "ಇದ್ರಿಂದ್ಲೇ ನಿಮ್ಗೆ ಅನ್ನ ಬತ್ತಿರೋದು ಅತ್ತೆ" ಅಂದೆ. ಅವತ್ತಿಂದ ಆ ಮಾತು ನಿಂತಿದೆ. ಬೇರೆ ಮಾತು ಶುರುವಾಗಿದೆ, ಅದು ಇರಲಿ.

ಬರೆಯಬೇಕಾದದ್ದು ಇದಲ್ಲ. ಬೋರಲಿಂಗಯ್ಯನವರ ಮಗಳು ರಮ್ಯಾ ಹೆರಿಗೆಗೆ ಬಂದಿದ್ದಾಳೆ. ಹೆಣ್ಣು ಮಗು, ಇನ್ನೂ ಎರಡು ತಿಂಗಳು ತುಂಬಿಲ್ಲ. ಹೋದ ಭಾನುವಾರ ಮಗು ಹಾಲು ಬಿಟ್ಟು ಅಳುತ್ತಿತ್ತು, ಹೊಟ್ಟೆ ತಮಟೆಯಾಗಿತ್ತು. ನಾನು ಹೋಗುವಷ್ಟರಲ್ಲಿ ನಡುಮನೆಯಲ್ಲಿ ಕೆಂಡ ಇಟ್ಟಿದ್ದರು. ನಮ್ಮೂರಿನಿಂದ ಮುನಿಶಾಮಯ್ಯನನ್ನು ಕರೆಸಿದ್ದರು. ತೊಂಬತ್ತರ ಹತ್ತಿರ ಈಗ, ಕೈ ನಡುಗುತ್ತದೆ, ಆದರೆ ಇಕ್ಕಳದ ತುದಿಯಲ್ಲಿ ಅದೇ ಬಳೆಚೂರು. ಅತ್ತೆ ಕಾಲು ಹಿಡಿದಿದ್ದರು, ಭಾವ ಕೈ ಹಿಡಿದಿದ್ದರು. ರಮ್ಯಾ ಗೋಡೆ ಕಡೆ ತಿರುಗಿ ನಿಂತಿದ್ದಳು.

ನಾನು ಹೋಗಿ ಮಗುವನ್ನು ಎತ್ತಿಕೊಂಡೆ.

"ಏಯ್, ಏನ್ ಮಾಡ್ತಿದ್ದೀಯ!" ಅಂದರು ಭಾವ.

"ನಿಲ್ಸಿದ್ದೀನಿ."

ಅತ್ತೆ ಎದ್ದು ನಿಂತರು. "ನಿನ್ಗೂ ಎಳ್ದಿದ್ರಲ್ಲೇ ಚಿಕ್ಕೀ, ನೀನೇನ್ ಸತ್ತೋದ್ಯಾ?"

"ಸಾಯ್ನಿಲ್ಲ ಅತ್ತೆ. ಬಾಂಬೆಗೆ ಎರಡ್ ಸಲ ಹೋಗ್ ಬಂದೆ."

ಮುನಿಶಾಮಯ್ಯ ನನ್ನ ಮುಖ ನೋಡಿದ. ಯಾರ ಮಗಳು ಅಂತ ಕೇಳಿದ. ಹೇಳಿದೆ. ಅವನಿಗೆ ನೆನಪಿರಲಿಲ್ಲ, ಎಷ್ಟು ಹೊಟ್ಟೆಗಳೋ ಏನೋ. ಬಳೆಚೂರನ್ನು ಅವನೇ ಕೆಂಡದ ಪಕ್ಕಕ್ಕೆ ಇಟ್ಟ.

ಹೊರಗೆ ನಟರಾಜು ಟಿವಿಎಸ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದರು. ನಾನು ಹಿಂದೆ ಕೂತೆ. ರಮ್ಯಾ ಚಪ್ಪಲಿ ಕೂಡ ಹಾಕದೆ ಓಡಿ ಬಂದಳು, ಭಾವ ಕೂಗುತ್ತಿದ್ದಂತೆಯೇ ನನ್ನ ಹಿಂದೆ ಹತ್ತಿ ಕೂತಳು. ಮಗುವಿನ ಜೊತೆ ನಾವು ಮೂವರು ಆ ಹಳೇ ಗಾಡಿಯ ಮೇಲೆ ರಾಮನಗರದ ಆಸ್ಪತ್ರೆಗೆ ಬಂದೆವು. ಮಗುವಿನ ಡಾಕ್ಟರು ಎರಡು ದಿನ ಇಟ್ಟುಕೊಂಡರು. ಈಗ ಹಾಲು ಕುಡಿಯುತ್ತಿದೆ. ಬೋರಲಿಂಗಯ್ಯನವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಆ ಲೆಕ್ಕದಲ್ಲಿ ಇದು ಪೂರ್ತಿ ಲಾಭ.

ನಿನ್ನೆ ಸಂಜೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದೆ. ಹೊಟ್ಟೆಯ ಮೇಲೆ ಏನೂ ಇಲ್ಲ, ಒಂದು ಗೀರೂ ಇಲ್ಲ. ಅದರ ಕೈಗೆ ಬಟನ್ ಕೊಡುವವರು ಯಾರೂ ಇರಲಿಲ್ಲ ಇಸ್ಮತ್, ಅದಕ್ಕೇ ನಾನೇ ಒತ್ತಿದೆ.

ಚಿಕ್ಕಿ